ಕೆಂಪು ರಿಬ್ಬನ್ನು, ಕಪ್ಪು ರಿಬ್ಬನ್ನು

ಸಭಾಪಾಲಕರು ಸೀನಿದ್ದೇ ಎಲ್ಲಕ್ಕೂ ಮೂಲ.

ಸೀನುವುದು ಪಾಪವಲ್ಲ. ಚರ್ಚಿನ ಪ್ರಸಂಗಪೀಠದ ಮೇಲೆ ಐದು ತಿಂಗಳ ಧೂಳು ಕೂತಿರುವಾಗ, ಭಾನುವಾರ ಬೆಳಿಗ್ಗೆ ಅದರ ಮೇಲೆ ದಪ್ಪ ಆರಾಧನೆ ಪುಸ್ತಕವನ್ನು ದೊಪ್ಪನೆ ಇಟ್ಟರೆ ಸಂತನೂ ಸೀನುತ್ತಾನೆ. ಪಾಲಕರ ಸೀನಿಗೆ ಮೈಕು ಗೊರಗೊರ ಎಂದಿತು, ಮುಂದಿನ ಬೆಂಚಿನ ಕೂಸು ಎಚ್ಚರವಾಯಿತು, ಪುಸ್ತಕದೊಳಗಿದ್ದ ಎರಡು ಚೀಟಿಗಳು ಹಾರಿ ಒಂದು ಹಾರ್ಮೋನಿಯಂ ಮೇಲೂ ಇನ್ನೊಂದು ಪಾಲಕರ ಕಾಲಬುಡಕ್ಕೂ ಬಿದ್ದವು. ಅವರು ಬಗ್ಗಿದರು. ಮಂಡಿಗಳು ಒಣಪುಳ್ಳೆ ಮುರಿದಂತೆ ಲಟಲಟ ಎಂದವು. ಚೀಟಿಗಳನ್ನು ಹೆಕ್ಕಿ, ಕೆಂಪು ರಿಬ್ಬನ್ನಿಗೊಂದು, ಕಪ್ಪು ರಿಬ್ಬನ್ನಿಗೊಂದು ಸಿಕ್ಕಿಸಿ, ಕನ್ನಡಕ ಸರಿಮಾಡಿಕೊಂಡು ಆರಾಧನೆ ಮುಂದುವರಿಸಿದರು.

ಆ ಪುಸ್ತಕದಲ್ಲಿ ಕೆಂಪು ರಿಬ್ಬನ್ ಇರುವ ಕಡೆ ಆಳುವವರಿಗಾಗಿ ಮಾಡುವ ಪ್ರಾರ್ಥನೆ, ಕಪ್ಪು ರಿಬ್ಬನ್ ಇರುವ ಕಡೆ ವೈದ್ಯರು ಕೈಬಿಟ್ಟ ರೋಗಿಗಳಿಗಾಗಿ ಮಾಡುವ ಪ್ರಾರ್ಥನೆ. ಎರಡರಲ್ಲೂ ಹೆಸರಿನ ಜಾಗದಲ್ಲಿ ಬರೀ ಚುಕ್ಕಿಗಳು. ಸಭೆಯ ಕಾರ್ಯದರ್ಶಿ ಶನಿವಾರವೇ ಹೆಸರು ಬರೆದು ಚೀಟಿ ಇಡುತ್ತಾನೆ, ಪಾಲಕರು ಭಾನುವಾರ ಚುಕ್ಕಿಗಳ ಮೇಲೆ ಹೆಸರು ಹಾಕಿ ಓದುತ್ತಾರೆ. ಈ ಕಾರ್ಯದರ್ಶಿಯನ್ನು ಎಲ್ಲರೂ ಕೊಡೆ ಎನ್ನುತ್ತಿದ್ದರು. ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ ಇಲ್ಲದೆ ಅವನನ್ನು ಕಂಡವರಿಲ್ಲ. ಅದನ್ನು ಬಿಚ್ಚಿದ್ದನ್ನು ಕಂಡವರೂ ಇಲ್ಲ.

ಓದುವಾಗಲಾದರೂ ಪಾಲಕರಿಗೆ ಗೊತ್ತಾಗಬೇಕಿತ್ತು. ಆದರೆ ಇಪ್ಪತ್ತಾರು ವರ್ಷ ಓದಿದ ಪ್ರಾರ್ಥನೆಗೆ ಬಾಯಿ ಸಾಕು, ತಲೆ ಬೇಕಾಗಿಲ್ಲ. ಗಾಣದೆತ್ತಿನ ಹಾಗೆ ಬಾಯಿ ತನ್ನಷ್ಟಕ್ಕೆ ಸುತ್ತು ಹಾಕುತ್ತಿರುವಾಗ ತಲೆ ‘ಪಾಲಕರ ಚಿಂತನೆ’ಯನ್ನು ಬರೆಯುತ್ತಿತ್ತು. ಸಭೆಯ ಮಾಸಪತ್ರಿಕೆಯ ಮೊದಲ ಪುಟದ ಆ ಬರಹ ಸೋಮವಾರ ಅಚ್ಚಿಗೆ ಹೋಗಬೇಕು. ಈ ತಿಂಗಳ ಮೊದಲ ಸಾಲು ಸಿಕ್ಕಿಬಿಟ್ಟಿತ್ತು: ‘ವಿಶ್ವಾಸ ಸಂತೆಗೆ ಬಿದ್ದಿದೆ, ಸಂಸ್ಕೃತಿ ಸೆರಗು ಜಾರಿಸಿದೆ, ರಾಜಕಾರಣ ಚಪ್ಪಲಿಯನ್ನೂ ಕಳಚದೆ ಸಭೆಯೊಳಗೆ ಬಂದು ಕೂತಿದೆ, ಲೋಕದ ಧೂಳು ನಮ್ಮ ಪೀಠದವರೆಗೆ ಹಾರಿಬಂದಿದೆ.’ ಧೂಳಿನ ಮಾತು ತಾನಾಗಿಯೇ ಹೊಳೆದದ್ದೆಂದು ಅವರು ನಂಬಿದ್ದರು.

ಇದೇ ಮಾತನ್ನು ಅವರು ಹಿಂದು ಮುಂದು ಮಾಡಿ ಮುನ್ನೂರು ಸಲ ಬರೆದಿದ್ದರು. ಓದುತ್ತಿದ್ದವರು ಇಬ್ಬರೇ, ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು ಮತ್ತು ಹೆಂಡತಿ. ಹೆಂಡತಿ ಓದುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಆದರೂ ಪಾಲಕರಿಗೆ ಒಂದು ಸಮಾಧಾನವಿತ್ತು. ಊರೆಲ್ಲ ಕೆಟ್ಟರೂ ತಮ್ಮ ಪೀಠಕ್ಕೆ ಮೂರು ಬೇಲಿ ಗಟ್ಟಿಯಾಗಿವೆ. ಆ ಪೀಠದಿಂದ ಯಾವ ರಾಜಕಾರಣಿಯೂ ಮಾತಾಡಿಲ್ಲ. ಯಾವ ಪವಾಡವೂ ಮಾರಾಟವಾಗಿಲ್ಲ. ಅದನ್ನು ಯಾವ ಹೆಂಗಸೂ ಹತ್ತಿಲ್ಲ. ಗುಡಿಸುವುದಕ್ಕೆ ಹತ್ತಿದ್ದು ಲೆಕ್ಕಕ್ಕಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷ; ಅಷ್ಟು ದಿನ ಈ ಮೂರು ಬೇಲಿ ಉಳಿದರೆ ತಾವು ಬದುಕಿದ್ದು ಸಾರ್ಥಕ ಎಂದು ಪಾಲಕರು ದಣಿದ ಮನಸ್ಸಿನಿಂದ ಅಂದುಕೊಳ್ಳುತ್ತಿದ್ದರು.

ಅತ್ತ ಬಾಯಿ ಕಪ್ಪು ರಿಬ್ಬನ್ನಿಗೆ ಬಂದಿತ್ತು. ವೈದ್ಯರು ಕೈಬಿಟ್ಟಿರುವ, ಹಾಸಿಗೆ ಹಿಡಿದು ನಿನ್ನ ಕರೆಗೆ ಕಾದಿರುವ ಇಂಥವರ ಪಾಪಗಳನ್ನು ಎಣಿಸದೆ ಇವರನ್ನು ಬೇಗ ನಿನ್ನ ಬಳಿಗೆ ಕರೆದುಕೋ ಎಂದು ಅವರು ಓದಿದರು. ಇಂಥವರ ಜಾಗದಲ್ಲಿ ಬಂದದ್ದು ನಗರಸಭೆಯ ಸದಸ್ಯನ ಹೆಸರು. ಊರು ಅವನನ್ನು ಅಡಿಗಲ್ಲಣ್ಣ ಎನ್ನುತ್ತಿತ್ತು. ಹತ್ತು ವರ್ಷದಲ್ಲಿ ನಲವತ್ತು ಕಡೆ ಅಡಿಗಲ್ಲು ಹಾಕಿದ್ದ, ಎರಡನೇ ಕಲ್ಲು ಎಲ್ಲೂ ಬಿದ್ದಿರಲಿಲ್ಲ. ಇನ್ನು ಹತ್ತೇ ದಿನಕ್ಕೆ ಚುನಾವಣೆ. ಪಾಪಗಳನ್ನು ಎಣಿಸದೆ ಎನ್ನುವಲ್ಲಿಗೆ ಸಭೆ ಎಂದೂ ಇಲ್ಲದಷ್ಟು ಗಟ್ಟಿಯಾಗಿ ಆಮೆನ್ ಅಂದಿತು. ಪಾಲಕರು ಅದನ್ನು ಜನರ ಭಕ್ತಿ ಎಂದುಕೊಂಡರು.

ಆಮೇಲೆ ಕೆಂಪು ರಿಬ್ಬನ್ನು. ನಮ್ಮನ್ನು ಆಳಲು ನೀನೇ ನೇಮಿಸಿರುವ ಇಂಥವರ ಕೈಯನ್ನು ಬಲಪಡಿಸು, ಇವರ ಮಾತಿಗೆ ಜನರನ್ನು ವಿಧೇಯರನ್ನಾಗಿಸು, ಇವರ ವೈರಿಗಳನ್ನು ಚದುರಿಸು. ಈ ಸಲ ಬಂದದ್ದು ಒಬ್ಬ ಹೆಂಗಸಿನ ಹೆಸರು. ಯಾರಿಗೂ ಅವಳು ಯಾರೆಂದು ತಿಳಿಯಲಿಲ್ಲ. ಆಳುವವರು ವಾರಕ್ಕೊಬ್ಬರಂತೆ ಬದಲಾಗುವ ಕಾಲ. ಯಾರೋ ಹೊಸಬಳು ಬಂದಿರಬೇಕೆಂದು ಎಲ್ಲರೂ ತಲೆ ಬಗ್ಗಿಸಿಯೇ ಇದ್ದರು. ಎರಡೂ ಪ್ರಾರ್ಥನೆಗಳು ಗೋಡೆಯ ಮೇಲಿನ ಧ್ವನಿವರ್ಧಕದಿಂದ ಹಿಂದಿನ ಗಲ್ಲಿಗೂ ಹೋದವು. ಗಲ್ಲಿಯವರು ಒಳಗೆ ಬಂದು ಕೂರುವುದು ಕಡಿಮೆ, ಹೊರಗಿದ್ದಾದರೂ ರಕ್ಷಣೆ ಹೊಂದಲಿ ಎಂದು ಪಾಲಕರೇ ಅದನ್ನು ಆ ಕಡೆಗೆ ತಿರುಗಿಸಿ ಕಟ್ಟಿಸಿದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಇಡುತ್ತ, ಅಡಿಗಲ್ಲಣ್ಣ ಯಾವಾಗ ಹಾಸಿಗೆ ಹಿಡಿದ ಎಂದು ಕೇಳಿದರು. ಪಾಲಕರಿಗೆ ಅರ್ಥವಾಗಲಿಲ್ಲ. ಆಕೆ ಬೆಳಗಿನ ಪ್ರಾರ್ಥನೆಯನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು. ಪಾಲಕರ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ನಾನು ಹಾಗೆ ಓದಿದ್ನಾ?”

“ಕಣ್ಣು ಮುಚ್ಕೊಂಡು ಓದಿದ್ರಿ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಜನ ನಿಮ್ಮ ಪ್ರಾರ್ಥನೆನ ಕಿವಿಗೊಟ್ಟು ಕೇಳಿದ್ದಾರೆ ರೀ. ಅದಕ್ಕಾದ್ರೂ ಸಂತೋಷಪಡಿ.”

ಅಷ್ಟರಲ್ಲಿ ಕೊಡೆ ಏದುಸಿರು ಬಿಡುತ್ತ ಬಂದ. ಸುದ್ದಿ ಊರ ತುಂಬ ಹಬ್ಬಿತ್ತು. ಊರ ಬಾಯಿಗೆ ಬಾಗಿಲುಂಟೇ? ಅಡಿಗಲ್ಲಣ್ಣನ ಮನೆಗೆ ಶವದ ಮೇಲಿಡುವ ಮೂರು ಹೂಚಕ್ರ ಹೋಗಿದ್ದವು. ಅವನು ಬೆಳಿಗ್ಗೆ ಐದು ಕಡೆ ಮತ ಕೇಳಿ ಬಂದು, ಉಂಡು, ಬಾಯಿ ತೆರೆದು ಮಲಗಿದ್ದ. ಶವಪೆಟ್ಟಿಗೆ ಮಾಡುವ ಬಡಗಿ, ಗಾಯನ ತಂಡದಲ್ಲಿ ಕೆಳಸ್ವರ ಹಾಡುವವನು, ತಡಮಾಡುವುದು ಬೇಡವೆಂದು ಟೇಪು ಹಿಡಿದು ಹೋಗಿ ಮಲಗಿದ್ದವನ ಅಳತೆ ತೆಗೆದಿದ್ದ. ಉದ್ದ ಮುಗಿದು ಹೊಟ್ಟೆಯ ಅಗಲಕ್ಕೆ ಬಂದಾಗ ಹೆಣ ಕಣ್ಣು ಬಿಟ್ಟು, ಯಾವನೋ ನೀನು ಎಂದು ಕೇಳಿತಂತೆ. ಬಡಗಿ ಇನ್ನೂ ನೀರು ಕುಡಿಯುತ್ತಲೇ ಇದ್ದಾನಂತೆ.

ಚೀಟಿಗಳು ಅದಲುಬದಲಾದದ್ದು ಸ್ಪಷ್ಟವಾಯಿತು. ಹಾಗಾದರೆ ಆಳಲು ನೇಮಕವಾದ ಆ ಹೆಂಗಸು ನಿಜವಾಗಿ ರೋಗಿ. ಅವಳು ಯಾರು ಎಂದು ಪಾಲಕರು ಕೇಳಿದರು. ಕೊಡೆ ಕಂಕುಳ ಬದಲಾಯಿಸಿದ. ಶನಿವಾರ ಗೇಟಿನ ಹತ್ತಿರ ಯಾವಳೋ ಬಂದು ಹೆಸರು ಬರೆಸಿ ಹೋದಳು, ಬಿಸಿಲು ಬಹಳ ಇತ್ತು, ಯಾರು ಏನು ಅಂತ ಕೇಳಲಿಲ್ಲ, ಸಾಯೋರ ಹತ್ತಿರ ಗುರುತಿನ ಚೀಟಿ ಕೇಳೋಕಾಗುತ್ತಾ ಎಂದ.

ಆ ಮಾತು ಮುಗಿಯುವ ಮೊದಲೇ ಜೀಪು ಬಂದು ನಿಂತಿತು. ಅಡಿಗಲ್ಲಣ್ಣ ಇಳಿದ. ಅವನ ಹಿಂದೆ ಒಬ್ಬ ಬಂಟ ಹೂಚಕ್ರ ಹೊತ್ತು ನಿಂತ. ಸಾಹೇಬರಿಗೆ ಬಂದದ್ದನ್ನು ಎಲ್ಲಿ ಇಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಡಿಗಲ್ಲಣ್ಣನಿಗೆ ತಾನು ಸತ್ತದ್ದರ ಬಗ್ಗೆ ಅಷ್ಟೇನೂ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಇನ್ನೊಂದು ಹೆಸರಿಗೆ. ಪಕ್ಷದ ಕಚೇರಿಯಿಂದ ಆಗಲೇ ಎರಡು ಸಲ ಫೋನು ಬಂದಿತ್ತಂತೆ. ಅವನು ಸಾಯುತ್ತಿದ್ದಾನೆ, ಅವನ ಜಾಗಕ್ಕೆ ಹೆಂಗಸೊಬ್ಬಳನ್ನು ಹಾಕಿದ್ದಾರೆ, ಸಭೆಯೇ ಅವಳ ಹೆಸರು ಹಿಡಿದು ಆಶೀರ್ವಾದ ಮಾಡಿದೆ ಎಂದು ಎದುರಾಳಿಗಳು ಬೀದಿ ಬೀದಿಯಲ್ಲಿ ಹೇಳುತ್ತಿದ್ದಾರಂತೆ.

“ನನ್ನ ಸಾಯಿಸಿದ್ರಿ, ಹೋಗ್ಲಿ ಬಿಡಿ. ಅವಳ್ಯಾರು ಅಂತ ಹೇಳಿ ಅಯ್ಯನೋರೆ. ಯಾವ ಪಕ್ಷ?”

ಪಾಲಕರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸೀನು, ಚೀಟಿ, ರಿಬ್ಬನ್ನು. ಅಡಿಗಲ್ಲಣ್ಣ ನಕ್ಕ. ಮೂವತ್ತು ವರ್ಷ ರಾಜಕೀಯ ಮಾಡಿದವನಿಗೆ ಸೀನಿನಿಂದ ಅಭ್ಯರ್ಥಿ ಬದಲಾಗುವ ಕತೆ ಹೇಳುತ್ತಿದ್ದಾರೆ. ಅವನು ಕುರ್ಚಿ ಎಳೆದು ಕೂತು, ದನಿ ತಗ್ಗಿಸಿ, ತನಗೆ ಬೇಕಾದದ್ದನ್ನು ಹೇಳಿದ. ಸಂಜೆ ಆರಾಧನೆಯಲ್ಲಿ ತಾನು ಪೀಠ ಹತ್ತುತ್ತೇನೆ. ಪಾಲಕರು ತಲೆ ಮೇಲೆ ಕೈಯಿಡಬೇಕು. ಸಾವಿನ ಬಾಯಿಯಲ್ಲಿದ್ದೆ, ಈ ಅಯ್ಯನವರ ಪ್ರಾರ್ಥನೆಯಿಂದ ಎದ್ದು ಬಂದೆ ಎಂದು ತಾನು ಸಾಕ್ಷಿ ಹೇಳುತ್ತೇನೆ.

“ಸತ್ತೋನಿಗೆ ಯಾರೂ ಓಟು ಹಾಕಲ್ಲ. ಸತ್ತು ಎದ್ದೋನಿಗೆ ಹಾಕ್ತಾರೆ.”

“ನೀನು ಸಾಯ್ಲೂ ಇಲ್ಲ, ಏಳ್ಲೂ ಇಲ್ಲ. ಪೀಠದ ಮೇಲೆ ನಿಂತು ಸುಳ್ಳು ಹೇಳೋಕೆ ಬಿಡಲ್ಲಪ್ಪ.”

“ಹಾಗಾದ್ರೆ ಬಿಷಪ್ಪರಿಗೆ ಕಾಗದ ಬರೀತೀನಿ. ಚುನಾವಣೆ ಹೊತ್ತಲ್ಲಿ ಪೀಠದಿಂದ ಎದುರಾಳಿ ಪರ ಪ್ರಚಾರ ಮಾಡಿದ್ರು ಅಂತ. ಸಭೆಯೋರು ಅಷ್ಟೂ ಜನ ಸಾಕ್ಷಿ. ಆಮೆನ್ ಬೇರೆ ಅಂದಿದ್ದಾರೆ.”

ಜೀಪು ಹೋಯಿತು. ಹೂಚಕ್ರ ಪಾಲಕರ ಜಗುಲಿಯಲ್ಲೇ ಉಳಿಯಿತು.

ಉಳಿದದ್ದು ಒಂದೇ ದಾರಿ. ಆ ಹೆಂಗಸನ್ನು ಹುಡುಕಿ ಸಂಜೆ ಸಭೆಗೆ ತೋರಿಸಬೇಕು. ನೋಡಿ, ಇವಳು ಅಭ್ಯರ್ಥಿಯಲ್ಲ, ಪಾಪದ ರೋಗಿ, ಆದದ್ದು ನನ್ನ ತಪ್ಪು ಎಂದರೆ ಮೂರು ಬೇಲಿಯೂ ಉಳಿಯುತ್ತವೆ. ಪಾಲಕರು ಸದಸ್ಯರ ದೊಡ್ಡ ಪುಸ್ತಕವನ್ನು ಬಿಚ್ಚಿದರು. ಮುನ್ನೂರು ಚಿಲ್ಲರೆ ಮನೆಗಳು. ಗಂಡಸರಿಗೆಲ್ಲ ಹೆಸರಿತ್ತು. ಹೆಂಗಸರು ಇಂಥವರ ಪತ್ನಿ, ಇಂಥವರ ತಾಯಿ, ಇಂಥವರ ಸೊಸೆ. ಹೀಗೇ ಇರಬೇಕು, ಮನೆಗೆ ಒಂದೇ ತಲೆ ಎಂದು ‘ಚಿಂತನೆ’ಯಲ್ಲಿ ಬರೆದವರು ಅವರೇ. ಬರೆದದ್ದು ಇಷ್ಟು ಚೆನ್ನಾಗಿ ಜಾರಿಯಾಗಿದೆಯೆಂದು ಅವರಿಗೆ ಈವತ್ತೇ ಗೊತ್ತಾದದ್ದು. ಪುಟ ತಿರುವಿ ತಿರುವಿ ಬೆರಳು ನೊಂದವು, ಹೆಂಗಸಿನ ಹೆಸರೊಂದೂ ಸಿಗಲಿಲ್ಲ.

ಹೆಂಡತಿ ಹಿಂದೆ ಬಂದು ನಿಂತು ಇಣುಕಿದರು. “ಇದ್ರಲ್ಲಿ ನಾನೆಲ್ಲಿದೀನಿ?”

ಪಾಲಕರು ಮೊದಲ ಪುಟ ತೋರಿಸಿದರು. ‘ಪಾಲಕರು ಮತ್ತು ಪತ್ನಿ’ ಎಂದಿತ್ತು. ಆಕೆ ಎರಡು ಸಲ ಓದಿ ಅಡುಗೆಮನೆಗೆ ಹೋದರು. ಅಲ್ಲಿ ಪಾತ್ರೆಗಳು ಮಾತಾಡಿದವು.

ಕಡೆಯ ಪುಟಕ್ಕೆ ‘ಇತರೆ’ ಎಂಬ ತಲೆಬರಹವಿತ್ತು. ಅದರ ಕೆಳಗೆ ಹಾರ್ಮೋನಿಯಂ ಒಂದು, ಗೋಡೆ ಗಡಿಯಾರ ಒಂದು, ಏಣಿ ಒಂದು, ಗುಡಿಸುವವಳು ಒಂದು. ಅದು ಆಸ್ತಿಯ ಪಟ್ಟಿ. ರೋಗಿಯನ್ನು ಆಸ್ತಿಯ ಪಟ್ಟಿಯಲ್ಲಿ ಹುಡುಕುವುದು ಹೇಗೆ? ಪಾಲಕರು ಪುಸ್ತಕ ಮುಚ್ಚಿದರು.

ಮಧ್ಯಾಹ್ನವೆಲ್ಲ ಜನ ಬರುತ್ತಲೇ ಇದ್ದರು. ಕೆಲವರು ಹೊಸ ಅಭ್ಯರ್ಥಿಯ ವಿಳಾಸ ಕೇಳಿದರು. ಮಗನಿಗೊಂದು ಕೆಲಸ ಆಗಬೇಕಿತ್ತಂತೆ. ಅಡಿಗಲ್ಲಣ್ಣ ಎದ್ದು ಓಡಾಡುತ್ತಿರುವುದು ಇವರ ಪ್ರಾರ್ಥನೆಯಿಂದಲೇ ಎಂದು ನಂಬಿ, ಕಾಲುನೋವಿಗೆ ಕೈಯಿಡಿಸಿಕೊಳ್ಳುವವರ ಸಾಲೊಂದು ಚರ್ಚಿನ ಬೆಂಚುಗಳ ಮಧ್ಯೆ ಬೆಳೆಯಿತು. ಪಕ್ಕದ ಬೀದಿಯ ಟೈಲರು, ಯಾವ ಕಾರಣಕ್ಕೂ ತನ್ನ ಹೆಸರನ್ನು ಮಾತ್ರ ಪ್ರಾರ್ಥನೆಯಲ್ಲಿ ತರಬೇಡಿ ಎಂದು ಕೈಮುಗಿದು ಹೋದ. ಪಾಲಕರು ಒಬ್ಬೊಬ್ಬರಿಗೂ ಸೀನಿನ ಕತೆ ಹೇಳಿದರು. ಎಂಟನೆಯ ಸಲಕ್ಕೆ ಅದು ಅವರಿಗೇ ಸುಳ್ಳೆನಿಸಲು ಶುರುವಾಯಿತು.

ಸಂಜೆ ಸಭೆ ಕಿಕ್ಕಿರಿದಿತ್ತು. ಎಂದೂ ಬಾರದವರು ಬಂದಿದ್ದರು. ಸತ್ಯವೇದವನ್ನು ತಲೆಕೆಳಗಾಗಿ ಹಿಡಿದವರೂ ಇದ್ದರು. ಅಡಿಗಲ್ಲಣ್ಣ ಬಿಳಿ ಅಂಗಿ ತೊಟ್ಟು, ರೋಗಿಯಂತೆ ಕಾಣಲು ಮುಖಕ್ಕೆ ಒಂದಿಷ್ಟು ಪೌಡರು ಬಳಿದುಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದ. ಬಡಗಿ ಅವನ ಕಣ್ಣಿಗೆ ಬೀಳದಂತೆ ಕೊನೆಯ ಬೆಂಚು ಹಿಡಿದಿದ್ದ. ಪಾಲಕರು ಪೀಠ ಹತ್ತಿ ಮೈಕು ಹಿಡಿದರು. ದೊಡ್ಡ ಮಾತಾಡಿ ಅಭ್ಯಾಸವಿದ್ದ ಅವರಿಗೆ ಸಣ್ಣ ನಿಜ ಹೇಳುವುದು ಬಹಳ ಕಷ್ಟವಾಗಿತ್ತು.

“ಬೆಳಿಗ್ಗೆ ನಾನು ತಪ್ಪು ಮಾಡಿದೆ. ಚೀಟಿ ಅದಲುಬದಲಾಯ್ತು. ಓದುವಾಗ ನನ್ನ ಮನಸ್ಸು ಇಲ್ಲಿರಲಿಲ್ಲ. ಈ ನಗರಸಭೆ ಸದಸ್ಯರಿಗೆ ಯಾವ ಕಾಯಿಲೆನೂ ಇರಲಿಲ್ಲ, ಇವರು ಯಾವ ಸಾವಿನಿಂದಲೂ ಎದ್ದು ಬಂದಿಲ್ಲ. ಇನ್ನೊಂದು ಹೆಸರು ಯಾರೋ ಒಬ್ಬ ರೋಗಿದು. ಅವರು ಯಾರು ಅಂತಲೂ ನನಗೆ ಗೊತ್ತಿಲ್ಲ. ಇಲ್ಲಿ ಯಾವ ಪವಾಡನೂ ನಡೆದಿಲ್ಲ. ಒಂದು ಸೀನು ಬಂತು, ಅಷ್ಟೇ.”

ಸಭೆ ಸಪ್ಪಗಾಯಿತು. ಕೆಲವರು ಎದ್ದು ಹೊರಡಲು ಕೊಡವಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ತಾವು ಆಡಿದ ಅತ್ಯಂತ ಚಿಕ್ಕ ಪ್ರಸಂಗ ಇದೇ, ಬಹುಶಃ ಅತ್ಯಂತ ಒಳ್ಳೆಯದೂ ಇದೇ ಎಂದು ಪಾಲಕರಿಗೆ ಅನಿಸಿತು.

ಆಗ ಹಿಂದಿನ ಬಾಗಿಲು ಕಿರುಗುಟ್ಟಿತು.

ಗುಡಿಸುವ ಅಜ್ಜಿ ಒಳಗೆ ಬಂದಳು. ನಲವತ್ತು ವರ್ಷ ಆ ಚರ್ಚಿನ ನೆಲ ಗುಡಿಸಿದವಳು. ಐದು ತಿಂಗಳ ಹಿಂದೆ ಪೀಠದ ಮೇಲಿನ ಕಿಟಕಿ ಒರೆಸುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಹಿಂದಿನ ಗಲ್ಲಿಯ ಮನೆಯಲ್ಲಿ ಮಲಗಿದವಳು ಮತ್ತೆ ಎದ್ದಿರಲಿಲ್ಲ. ಚರ್ಚಿನಲ್ಲಿ ಧೂಳು ಹೆಚ್ಚಾದದ್ದನ್ನು ಎಲ್ಲರೂ ಗಮನಿಸಿದ್ದರು. ಅಜ್ಜಿ ಇಲ್ಲದ್ದನ್ನು ಯಾರೂ ಗಮನಿಸಿರಲಿಲ್ಲ. ಈಗ ಅವಳು ಒಂದು ಕೈಯಲ್ಲಿ ಸೊಸೆಯ ಹೆಗಲನ್ನೂ ಇನ್ನೊಂದು ಕೈಯಲ್ಲಿ ಉದ್ದನೆಯ ಪೊರಕೆಯನ್ನೂ ಊರಿಕೊಂಡು, ಬೆಂಚುಗಳ ನಡುವೆ ಹೆಜ್ಜೆ ಎಣಿಸುತ್ತ ನಡೆದು ಬಂದಳು.

ಕೊಡೆಯ ಕಂಕುಳಿಂದ ಕೊಡೆ ಜಾರಿತು. ಶನಿವಾರ ಗೇಟಿನ ಹತ್ತಿರ ಬಂದದ್ದು ಇದೇ ಸೊಸೆ.

ಅಜ್ಜಿ ಪೀಠದ ಮೂರು ಮೆಟ್ಟಿಲು ಹತ್ತಿದಳು. ಬಿಷಪ್ಪರು ಬಂದಾಗ ಮಾತ್ರ ಹೊದಿಕೆ ಬಟ್ಟೆ ಸರಿಸುವ ಕೆತ್ತನೆಯ ಕುರ್ಚಿಯ ಮೇಲೆ ಕೂತು ಉಸಿರು ತೆಗೆದುಕೊಂಡಳು.

“ನಲವತ್ತು ವರ್ಷ ಇದನ್ನ ಒರೆಸಿದೀನಿ, ಕೂತು ನೋಡಿರ್ಲಿಲ್ಲ,” ಎಂದಳು. “ಎಲುಬು ಕೂಡಿದೆ, ಏಳೋ ಮನಸ್ಸಿಲ್ಲ ಅಷ್ಟೇ ಅಂತ ಡಾಕ್ಟ್ರು ಯಾವತ್ತೋ ಹೇಳಿದ್ರು. ಏಳೋದಾದ್ರೂ ಯಾಕೆ ಅಂತ ಮಲಗಿದ್ದೆ. ಸತ್ತೋಗ್ಲಿ ಅಂತ ಇವಳೂ ಚೀಟಿ ಬರೆಸಿ ಬಂದ್ಲು.” ಸೊಸೆ ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡಳು. “ಬೆಳಿಗ್ಗೆ ಗೋಡೆ ಮೇಲಿನ ಆ ತುತ್ತೂರಿಯಲ್ಲಿ ನನ್ನ ಹೆಸರು ಕೇಳಿಸ್ತು. ಅಪ್ಪ ಸತ್ತ ಮೇಲೆ ನನ್ನ ಹೆಸರು ಹಿಡಿದು ಯಾರೂ ಕರೆದಿರ್ಲಿಲ್ಲ ಅಯ್ಯನೋರೆ. ಆಳೋಕೆ ನೇಮಿಸಿದೀನಿ, ಕೈ ಬಲ ಮಾಡ್ತೀನಿ ಅಂದ್ರಿ. ನೋಡೋಣ ಅಂತ ಕೈ ಊರಿದೆ, ಬಲ ಇತ್ತು. ಎದ್ದೆ.”

ಸ್ತೋತ್ರದ ಕೂಗು ಹೆಂಚು ಹಾರುವಂತೆ ಎದ್ದಿತು. ಪಾಲಕರು ಚೀಟಿ, ಸೀನು, ಡಾಕ್ಟ್ರು ಎಂದು ಏನೋ ಹೇಳುತ್ತಿದ್ದರು. ಮಳೆಯಲ್ಲಿ ನೀರು ಮಾರುವವನ ಮಾತಿನಂತೆ ಅದನ್ನು ಯಾರೂ ಕೇಳಲಿಲ್ಲ. ಅಡಿಗಲ್ಲಣ್ಣ ಗಾಳಿ ಬಂದಾಗ ತೂರಿಕೊಳ್ಳುವ ಜಾತಿ. ಒಂದೇ ನೆಗೆತಕ್ಕೆ ಪೀಠ ಹತ್ತಿ, ಪಾಲಕರ ಕೈಯ ಮೈಕು ಕಿತ್ತು, ಒಂದಲ್ಲ ಎರಡು ಪವಾಡ, ನಾನೂ ಎದ್ದೆ ತಾಯಿನೂ ಎದ್ರು ಎಂದು ಶುರುಮಾಡಿದ.

ಅಜ್ಜಿ ಪೊರಕೆಯ ಹಿಡಿಯಿಂದ ಅವನ ಮೊಣಕಾಲಿಗೆ ಮೆಲ್ಲನೆ ತಟ್ಟಿದಳು. “ಚಪ್ಪಲಿ ಬಿಟ್ಟು ಹತ್ತಬೇಕು ಮಗಾ. ನೀನು ಸಾಯ್ದೆ ಇದ್ದದ್ದು ಒಳ್ಳೇದೇ ಆಯ್ತು. ನಮ್ಮ ಗಲ್ಲಿ ಕೊಳಾಯಿಗೆ ಹಾಕಿದ ಅಡಿಗಲ್ಲು ಹಾಗೇ ಇದೆ. ನಾಳೆ ಬೆಳಿಗ್ಗೆ ಬಂದು ಎರಡನೇ ಕಲ್ಲು ಹಾಕು. ನಾನೇ ನಿಂತು ಹಾಕಿಸ್ತೀನಿ.”

ಜನ ಆಮೆನ್ ಅಂದರು. ಇವರ ಮಾತಿಗೆ ಜನರನ್ನು ವಿಧೇಯರನ್ನಾಗಿಸು ಎಂದು ಬೆಳಿಗ್ಗೆ ಕೇಳಿಕೊಂಡವರು ಪಾಲಕರೇ. ಅಡಿಗಲ್ಲಣ್ಣ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಪೀಠದ ಮೇಲೆ ರಾಜಕಾರಣಿ, ಪವಾಡ, ಹೆಂಗಸು. ಇಪ್ಪತ್ತಾರು ವರ್ಷದ ಮೂರು ಬೇಲಿ ಕಾಲು ಗಂಟೆಯಲ್ಲಿ ಮಲಗಿದ್ದವು. ಪಾಲಕರಿಗೆ ಸಿಟ್ಟೂ ಬರಲಿಲ್ಲ. ಎಲ್ಲಾದರೂ ಕೂತರೆ ಸಾಕೆನಿಸಿತು. ಕೂರಲು ಕುರ್ಚಿಯಿರಲಿಲ್ಲ.

ಅಜ್ಜಿ ಪೀಠದ ಅಂಚಿನ ಮೇಲೆ ಬೆರಳೆಳೆದು ನೋಡಿದಳು. ಬೆರಳು ಬೂದಿಬಣ್ಣವಾಯಿತು. ಅವಳು ಅದನ್ನು ಉಫ್ ಎಂದು ಊದಿದಳು. ಪಾಲಕರು ಸೀನಿದರು. ಇಡೀ ಸಭೆ ಗಾಬರಿಯಿಂದ ಪುಸ್ತಕದ ಕಡೆ ನೋಡಿತು. ಕೊಡೆ ಹಾರಿ ಬಂದು ಎರಡೂ ರಿಬ್ಬನ್ನುಗಳ ಮೇಲೆ ಅಂಗೈ ಊರಿದ.

“ಇನ್ನು ಮೇಲೆ ಚೀಟಿ ನಾನಿಡ್ತೀನಿ,” ಎಂದಳು ಅಜ್ಜಿ. ಆಮೇಲೆ ಪಾಲಕರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳ ದನಿ ಮೆತ್ತಗಾಯಿತು. “ತುಂಬಾ ದಣಿದಿದ್ದೀರಿ ಅಯ್ಯನೋರೆ. ಮುಂದಿನ ವಾರ ನಿಮ್ಮ ಹೆಸರನ್ನ ಪ್ರಾರ್ಥನೆಗೆ ಬರೆಸ್ತೀನಿ. ನಿಮ್ಮ ಹೆಸರೇನು?”

ಕೊಡೆ ಪೆನ್ಸಿಲು ತೆಗೆದು ಕಾದ. ಅವನಿಗೂ ಗೊತ್ತಿರಲಿಲ್ಲ. ಮುಂದಿನ ಬೆಂಚಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಇಪ್ಪತ್ತಾರು ವರ್ಷ ಎಲ್ಲರಿಗೂ ಅವರು ಅಯ್ಯನವರು, ಹೆಂಡತಿಗೆ ರೀ, ಬಿಷಪ್ಪರ ಕಾಗದದಲ್ಲಿ ‘ಸದರಿ ಪಾಲಕರು’. ಬಾಯಿ ತೆರೆದ ಪಾಲಕರಿಗೆ ಹೆಸರು ನಾಲಿಗೆಗೆ ಬರಲು ಒಂದು ಗಳಿಗೆ ಹಿಡಿಯಿತು. ಮೆಲ್ಲಗೆ ಹೇಳಿದರು. ಪರವಾಗಿಲ್ಲ, ಚೆನ್ನಾಗಿದೆ ಎಂದಳು ಅಜ್ಜಿ.

“ಯಾವ ರಿಬ್ಬನ್ನಿಗೆ ಇಡ್ಲಿ ಅಜ್ಜಿ?” ಎಂದ ಕೊಡೆ.

“ಕಪ್ಪಿಗೆ. ಕೆಂಪು ನನಗೇ ಇನ್ನೊಂದಷ್ಟು ವಾರ ಬೇಕು.”

ಸಭೆ ಬೆಳಿಗ್ಗೆಗಿಂತಲೂ ಗಟ್ಟಿಯಾಗಿ ಆಮೆನ್ ಅಂದಿತು. ಕೊನೆಯ ಬೆಂಚಿನಲ್ಲಿ ಬಡಗಿ, ಪಾಲಕರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಂದಾಜು ಮಾಡಿ, ಜೇಬಿನಲ್ಲಿದ್ದ ಟೇಪನ್ನು ಮುಟ್ಟಿ ನೋಡಿಕೊಂಡ.